ತಲೆ ಮುಟ್ಟಿ ಮಾಡಿದ ಆಣೆ

ಬೇಸಿಗೆ ಹತ್ತಿರವಾಯಿತೆಂದರೆ, ಬಾಳೆಹೊನ್ನೂರಿನಿಂದ ನರಸಿಂಹರಾಜಪುರದ ಕಡೆ ಹೋಗುವ ರಸ್ತೆಯ ಆ ಊರಿನಲ್ಲಿ ಬಾವಿಯ ನೀರು ಇಳಿಯುತ್ತದೆ, ಜ್ವರ ಏರುತ್ತದೆ. ಇದು ಇಂದು ನಿನ್ನೆಯದಲ್ಲ. ಹಿಂದಿನವರು ಅದನ್ನು ಕಾಡಿನ ಜ್ವರ ಎಂದರು, ಆಮೇಲಿನವರು ಮಂಗನ ಕಾಯಿಲೆ ಎಂದರು. ಹೆಸರು ಬದಲಾಯಿತು, ಜನ ಮಾಡುವುದು ಬದಲಾಗಲಿಲ್ಲ. ಮೊದಲು ಕಷಾಯ. ಅದಕ್ಕೆ ಬಗ್ಗದಿದ್ದರೆ ಮನೆಯಲ್ಲಿ ಉಳಿದ ಯಾವುದೋ ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆ. ಆಸ್ಪತ್ರೆಗೆ ಹೋದ ಮೇಲೂ ಡಾಕ್ಟರ ಮುಂದೆ ಅರ್ಧ ಹೇಳಿ ಅರ್ಧ ನುಂಗಿಕೊಳ್ಳುವುದು.

ಆ ಊರಿನಲ್ಲಿ ಕಲ್ಲೇಶಪ್ಪನದೊಂದು ಹಿಟ್ಟಿನ ಗಿರಣಿ ಇದೆ. ಮುಂದೆ ರಸ್ತೆ, ಹಿಂದೆ ನಾಲ್ಕು ಮಾರು ದಾಟಿದರೆ ಕಾಡು. ಗಿರಣಿಗೆ ತಾಗಿಕೊಂಡೇ ಮನೆ. ಅವನ ಹೆಂಡತಿ ನೀಲಾಂಬಿಕೆ ಬಂದವರ ಡಬ್ಬ ಇಳಿಸಿಕೊಳ್ಳುತ್ತಾಳೆ, ಜರಡಿ ಹಿಡಿಯುತ್ತಾಳೆ, ಅಕ್ಕಿ ಒದ್ದೆಯಿದ್ದರೆ ವಾಪಸು ಕಳಿಸುತ್ತಾಳೆ. ಗಂಡ ಮಾತು ಕಡಿಮೆಯವನು. ಅವನಿಗೆ ಗಿರಣಿಯಲ್ಲದೆ ಇನ್ನೊಂದು ಕೆಲಸವೂ ಇತ್ತು. ಊರಿನಲ್ಲಿ ಅವರ ಮತದವರು ಯಾರು ತೀರಿಕೊಂಡರೂ ಗುಂಡಿಯಲ್ಲಿ ದೇಹವನ್ನು ಕೂರಿಸಲು ಅವನನ್ನೇ ಕರೆಯುತ್ತಿದ್ದರು. ಅಪ್ಪನಿಂದ ಬಂದ ಕೆಲಸ ಅದು. ವಿಭೂತಿ ಬಳಿದು, ಬಿಲ್ವಪತ್ರೆ ಇಟ್ಟು, ತಲೆ ವಾಲದ ಹಾಗೆ ಕೂರಿಸಬೇಕು. ಒಮ್ಮೆ ಕೂರಿಸಿದ ಮೇಲೆ ಎಬ್ಬಿಸುವ ಹಾಗಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಗಿರಣಿಯ ಹಿಂದೆ ಹೊನ್ನೆ ಮರದ ಬುಡದಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಮೊದಲು ನೋಡಿದವನು ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಸೋಮನಾಥ. ಆ ಊರಿನಲ್ಲಿ ಸತ್ತ ಮಂಗವನ್ನು ನಾಯಿಗೆ ಬಿಡುವುದಿಲ್ಲ. ಹನುಮಂತನ ಅಂಶ ಎಂದು ಮನುಷ್ಯರಿಗೆ ಮಾಡಿದಂತೆಯೇ ಮಾಡಿ ಮಣ್ಣು ಮಾಡುತ್ತಾರೆ. ನಾಲ್ಕು ಜನ ಸೇರಿದರು. ಕಲ್ಲೇಶಪ್ಪ ಪಂಚೆ ಎತ್ತಿ ಕಟ್ಟಿ ಕೂತು, ಮಂಗವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೈ ತೊಳೆದ. ಹಣೆಗೆ ವಿಭೂತಿ ಬಳಿದ. ಹೊಸ ಟವೆಲ್ಲಿನಲ್ಲಿ ಸುತ್ತಿ ಎದೆಗಾನಿಸಿ ಹಿಡಿದುಕೊಂಡು ಗುಂಡಿಗೆ ಇಳಿದು ಕೂರಿಸಿದ. ತೆಂಗಿನಕಾಯಿ ಹಿಡಿದುಕೊಂಡು ನಿಂತಿದ್ದ ನೀಲಾಂಬಿಕೆ ಅವನ ಮೊಣಕೈ ಮೇಲೆ ಎಳ್ಳಿನಷ್ಟು ಸಣ್ಣ ಹುಳವೊಂದು ಹರಿಯುವುದನ್ನು ಕಂಡಳು.

"ರೀ, ಉಣುಗು ಹತ್ತಿದೆ ನೋಡಿ."

"ಹತ್ತಿದ್ರೆ ಹತ್ಲಿ. ಹುಲ್ಲಲ್ಲಿ ಕೂತ್ರೆ ಉಣುಗು ಹತ್ತದೆ ಇನ್ನೇನು ಗಂಧ ಹತ್ತುತ್ತಾ?" ಎಂದು ಅವನು ಉಗುರಿನಿಂದ ಕೊಡವಿದ.

ಆಶಾ ಕಾರ್ಯಕರ್ತೆ ದಾಕ್ಷಾಯಿಣಿ ಸಂಕ್ರಾಂತಿಯ ಹೊತ್ತಿಗೇ ಮನೆಮನೆಗೂ ಬಂದು ಹೇಳಿದ್ದಳು. "ಮಂಗ ಸತ್ತದ್ದು ಕಂಡ್ರೆ ಮುಟ್ಬೇಡಿ, ನನಗೊಂದು ಫೋನ್ ಮಾಡಿ. ಕಾಡಿಗೆ ಹೋಗೋ ಮುಂಚೆ ಈ ಎಣ್ಣೆ ಕೈಕಾಲಿಗೆ ಹಚ್ಕೊಳ್ಳಿ, ಉಣುಗು ಹತ್ರ ಬರಲ್ಲ" ಎಂದು ಒಂದು ಬಾಟಲಿ ಎಣ್ಣೆಯನ್ನೂ ಕೊಟ್ಟು ಹೋಗಿದ್ದಳು. ಕಲ್ಲೇಶಪ್ಪ ಅದನ್ನು ಮೂಸಿ ನೋಡಿ, ಗಿರಣಿಯ ಬಾಗಿಲು ಕಿರುಗುಟ್ಟುತ್ತದೆಂದು ತಿರುಗಣಿಗೆ ಬಿಟ್ಟಿದ್ದ. ಬಾಗಿಲಿನ ಸದ್ದು ನಿಂತಿತ್ತು. ಒಳ್ಳೆಯ ಎಣ್ಣೆ ಎಂದು ಹೊಗಳಿದ್ದ.

ಮಣ್ಣು ಮುಚ್ಚಿ ಕೈಕಾಲು ತೊಳೆಯುವಾಗ ಸೋಮನಾಥ ಮೆಲ್ಲಗೆ ಒಂದು ಮಾತು ಬಿಟ್ಟ.

"ಕಲ್ಲೇಶಣ್ಣ, ಇದನ್ನ ಆಸ್ಪತ್ರೆಯೋರ ಕಿವಿಗೆ ಹಾಕ್ಬೇಡಿ. ಗೊತ್ತಾದ್ರೆ ಗುಂಡಿ ತೆಗೆಸ್ತಾರಂತೆ. ಹೊರಗೆ ಹಾಕಿ ಕೊಯ್ದು ನೋಡ್ತಾರಂತೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ ಮಾರಾಯ್ರೆ."

ಎಲ್ಲರೂ ಹೇಳುವುದನ್ನು ಯಾರು ಹೇಳಿದರೆಂದು ಮತ್ತೆ ಕೇಳುವವರಿಲ್ಲ. ಕಲ್ಲೇಶಪ್ಪನ ಮನಸ್ಸಿನಲ್ಲಿ ಆ ಮಾತು ಕೂತುಬಿಟ್ಟಿತು.

ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಅವನು ಗಿರಣಿಯ ಬೆಲ್ಟು ಕಳಚಿ ಬಂದು ಮಲಗಿದ. ಅಂಥ ಹೊತ್ತಿನಲ್ಲಿ ಮಲಗುವವನಲ್ಲ. ಮೈ ಮುಟ್ಟಿದರೆ ರೊಟ್ಟಿಯ ಹೆಂಚಿನ ಹಾಗೆ. ತಲೆ ಸಿಡಿಯುತ್ತದೆ, ಸೊಂಟ ಮುರಿದ ಹಾಗಾಗುತ್ತದೆ, ಬೆಳಕು ಬೇಡ ಎಂದ. ಕಣ್ಣು ಕೆಂಪಗಾಗಿತ್ತು. ನೀಲಾಂಬಿಕೆ ಮೆಣಸು, ಜೀರಿಗೆ ಕುದಿಸಿ ಕೊಟ್ಟಳು. ಕುಡಿದದ್ದು ಹಾಗೇ ಹೊರಗೆ ಬಂತು.

ಮಾರನೆಯ ದಿನ ಆಸ್ಪತ್ರೆಗೆ ಹೊರಡಿಸಿದಳು. ಹೊರಡುವ ಮುಂಚೆ ಅವನು ಅವಳ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಮಂಗನ ವಿಷ್ಯ ಡಾಕ್ಟ್ರ ಹತ್ರ ಎತ್ತಲ್ಲ ಅಂತ ಆಣೆ ಮಾಡು."

"ಎಂತಕ್ರೀ ಇದೆಲ್ಲ?"

"ಕೂರಿಸಿದ್ದನ್ನ ಎಬ್ಬಿಸಿದ್ರೆ ನಾನು ಊರಲ್ಲಿ ಇನ್ನೊಬ್ರನ್ನ ಹ್ಯಾಗೆ ಕೂರಿಸ್ಲಿ? ನನ್ನ ತಲೆ ಮುಟ್ಟಿ ಹೇಳು."

ತಲೆ ಸುಡುತ್ತಿತ್ತು. ಆ ಬಿಸಿಗೆ ಹೆದರಿ ಅವಳು ಹೂಂ ಎಂದಳು.

ಆಸ್ಪತ್ರೆಯ ಡಾಕ್ಟರ್ ರಶ್ಮಿ ಎಂಬ ಹೆಣ್ಣುಮಗಳು. ಸ್ಟೆತಸ್ಕೋಪು ಕೊರಳಲ್ಲೇ ಇತ್ತು. ಅದನ್ನು ಎತ್ತುವ ಮುಂಚೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು.

"ಎಂತ ಕೆಲ್ಸ ನಿಮ್ದು?"

"ಹಿಟ್ಟಿನ ಗಿರಣಿ."

"ಈಚೆಗೆ ಕಾಡಿಗೆ ಹೋಗಿದ್ರಾ? ಸೌದೆಗೆ, ಒಣಗಿದ ದರಗೆಲೆಗೆ, ದನ ಹುಡುಕೋಕೆ?"

"ಗಿರಣಿ ಬಿಟ್ಟು ನಾನು ಎಲ್ಲೂ ಹೋಗಲ್ಲ ಮೇಡಂ." ಅದು ಸುಳ್ಳಲ್ಲ. ಗಿರಣಿಯ ಹಿಂದೆ ಹೋದರೆ ಹೋದಂತಲ್ಲ ಎಂದು ಅವನೇ ಒಳಗೆ ತೀರ್ಮಾನ ಮಾಡಿಕೊಂಡಿದ್ದ.

"ನಿಮ್ಮ ಸುತ್ತಮುತ್ತ ಮಂಗ ಸತ್ತದ್ದು ಯಾರಾದ್ರೂ ನೋಡಿದಾರಾ? ಮೈ ಮೇಲೆ ಉಣುಗು ಕಂಡಿತ್ತಾ?"

"ಇಲ್ಲ." ಇದು ಸುಳ್ಳು.

"ಮನೇಲಿ ಯಾವ ಮಾತ್ರೆ ತಗೊಂಡ್ರಿ?"

"ಬರೀ ಕಷಾಯ." ಇದೂ ಸುಳ್ಳು. ಹಿಂದಿನ ವರ್ಷ ಸೊಂಟ ಹಿಡಿದಾಗ ತಂದ ನೋವಿನ ಮಾತ್ರೆ ಮನೆಯಲ್ಲಿ ಉಳಿದಿತ್ತು. ಬೆಳಗ್ಗೆಯೇ ನುಂಗಿದ್ದ. ಬೈಯುತ್ತಾರೆಂದು ಹೇಳಲಿಲ್ಲ.

ಡಾಕ್ಟರು ನೀಲಾಂಬಿಕೆಯ ಮುಖ ನೋಡಿದರು. ಅವಳು ಸೆರಗಿನ ತುದಿ ನೋಡಿದಳು. ಡಾಕ್ಟರು ನಾಲಿಗೆ, ಕಣ್ಣು, ಹೊಟ್ಟೆ ಎಲ್ಲ ನೋಡಿ, ರಕ್ತ ತೆಗೆಸಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಬರೆದರು. "ಇದನ್ನ ಬಿಟ್ಟು ಬೇರೆ ಯಾವ ನೋವಿನ ಮಾತ್ರೆಯೂ ಬೇಡ. ನೀರು, ಗಂಜಿ ಕುಡೀತಾ ಇರಿ. ಒಸಡಲ್ಲಿ, ಮೂಗಲ್ಲಿ ರಕ್ತ ಕಂಡ್ರೆ, ಮಲ ಕಪ್ಪಾದ್ರೆ ಆ ಕ್ಷಣ ಬರ್ಬೇಕು. ಇಲ್ದಿದ್ರೂ ನಾಳೆ ಬರ್ಲೇಬೇಕು" ಎಂದರು.

ಮಾರನೆಯ ದಿನ ಅವನು ಹೋಗಲಿಲ್ಲ. ಬಸ್ಸಿನಲ್ಲಿ ಕೂರಲು ಆಗುವುದಿಲ್ಲ ಎಂದ. ಪ್ಯಾರಾಸಿಟಮಾಲ್ ನುಂಗಿದ ಮೇಲೂ ಸೊಂಟದ ನೋವು ಹೋಗದಿದ್ದಾಗ ಹಳೆಯ ಮಾತ್ರೆಯನ್ನು ಮತ್ತೆ ನುಂಗಿದ. ನೋವು ಸ್ವಲ್ಪ ತಗ್ಗಿತು. "ನೋಡು, ಡಾಕ್ಟ್ರ ಮಾತ್ರೆಗಿಂತ ಇದೇ ವಾಸಿ" ಎಂದ. ಅದರ ಮರುದಿನ ಬೆಳಗ್ಗೆ ಹಲ್ಲುಜ್ಜಿ ಉಗುಳಿದಾಗ ಬಚ್ಚಲ ಕಲ್ಲು ಕೆಂಪಗಾಯಿತು.

ಹೊತ್ತೇರುವಾಗ ಪಕ್ಕದ ಮನೆಯ ಬೀಬಿ ಜಾನ್ ರಾಗಿ ಡಬ್ಬ ಹಿಡಿದುಕೊಂಡು ಬಂದಳು. ಅವಳ ಗಂಡ ಮಹಮ್ಮದ್ ಶಫಿಗೆ ರಸ್ತೆಯ ಆಚೆ ದಿನಸಿ ಅಂಗಡಿ. ಎರಡು ಮನೆಗೂ ಬೇಲಿ ಒಂದೇ, ಬಾವಿ ಒಂದೇ.

"ಗಿರಣಿ ಸದ್ದೇ ಇಲ್ವಲ್ಲ ನೀಲಮ್ಮ? ನಮ್ಮ ಯಜಮಾನ್ರು ರೊಟ್ಟಿ ಇಲ್ಲ ಅಂತ ಅಂಗಡೀಲಿ ಬನ್ನು ತಿಂದು ತಿಂದು ಬನ್ನಿನ ಹಾಗೇ ಆಗಿದಾರೆ."

ನೀಲಾಂಬಿಕೆ ನಗಲಿಲ್ಲ. ಬೀಬಿ ಜಾನ್ ಡಬ್ಬ ಕೆಳಗಿಟ್ಟು ಒಳಗೆ ಇಣುಕಿದಳು. ಕಲ್ಲೇಶಪ್ಪ ಕೆಂಪು ಕಣ್ಣಿನಲ್ಲಿ ಒಮ್ಮೆ ತಿರುಗಿ ನೋಡಿ ಗೋಡೆಗೆ ಮುಖ ಮಾಡಿದ. ದಿಂಬಿನ ಮೇಲೆ ರಕ್ತದ ಕಲೆ ಇತ್ತು. ಅವಳು ನೀಲಾಂಬಿಕೆಯನ್ನು ಹಿತ್ತಲ ಕಡೆ ಎಳೆದುಕೊಂಡು ಹೋದಳು.

"ಇದು ಬರೀ ಜ್ವರ ಅಲ್ಲ ಮಾರಾಯ್ತಿ. ನನ್ನ ಮೈದುನ ಮುಷರಫ್‌ಗೆ ಅವಾಗ ಬಂದಿತ್ತಲ್ಲ, ಥೇಟ್ ಇದೇ ಕಣ್ಣು. ಅವನು ಕಾಡಿಗೆ ನಾಟಾ ಮರ ಲೋಡ್ ಮಾಡೋಕೆ ಹೋದದ್ದು, ಎಲ್ಲಿ ಮಲಗಿದ್ದು, ಎಲ್ಲಾ ಒಂದೇ ಉಸುರಿಗೆ ಹೇಳ್ದ. ಅದ್ಕೇ ಆವತ್ತೇ ಬೆಡ್ ಕೊಟ್ರು, ಉಳ್ಕೊಂಡ. ನೀವು ಎಂತ ಹೇಳಿದ್ರಿ?"

ನೀಲಾಂಬಿಕೆ ಬಾವಿಕಟ್ಟೆಯ ಮೇಲಿದ್ದ ಹಗ್ಗ ಸುತ್ತತೊಡಗಿದಳು.

"ಮಂಗನ್ನ ಮಣ್ಣು ಮಾಡಿದ್ದು ಹೇಳಿದ್ರಾ? ನಾನೂ ಬೇಲಿ ಮೇಲಿಂದ ನೋಡಿದೀನಿ."

"ಹೇಳಲ್ಲ ಅಂತ ಆಣೆ ಮಾಡಿದೀನಿ ಬೀಬಕ್ಕ."

"ಯಾರ ಮೇಲೆ?"

"ಅವರ ತಲೆ ಮುಟ್ಟಿ."

ಬೀಬಿ ಜಾನ್ ಅವಳ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು. "ಆಣೆ ನಿಲ್ಬೇಕಾದ್ರೆ ಮೊದ್ಲು ಆ ತಲೆ ಉಳೀಬೇಕಲ್ವಾ?"

ನೀಲಾಂಬಿಕೆ ಒಳಗೆ ಹೋಗಿ ಗಂಡನ ದಿಂಬಿನ ಕೆಳಗೆ ಕೈ ಹಾಕಿದಳು. ಮಾತ್ರೆಯ ಹಾಳೆ ಸಿಕ್ಕಿತು, ಹೆಚ್ಚುಕಡಿಮೆ ಖಾಲಿ. ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಶಫಿ ಅಂಗಡಿಗೆ ಬಾಗಿಲು ಎಳೆದು ಸಾಮಾನಿನ ಗಾಡಿ ತಂದ. ಕಲ್ಲೇಶಪ್ಪ ಬರುವುದಿಲ್ಲ ಎಂದ. "ಬರದಿದ್ರೆ ಅಕ್ಕಿ ಮೂಟೆ ಎತ್ತಿದ ಹಾಗೆ ಎತ್ತಿ ಹಾಕ್ತೀನಿ ಕಲ್ಲೇಶಣ್ಣ, ಮರ್ಯಾದೆಗೆ ಬಂದು ಕೂತ್ಕೊಳ್ಳಿ" ಎಂದು ಶಫಿ ತೋಳು ಕೊಟ್ಟ. ನಿಂತಾಗ ಅವನಿಗೆ ಕಣ್ಣು ಕತ್ತಲಿಟ್ಟಿತು. ಆಮೇಲೆ ಬರುವುದಿಲ್ಲ ಎನ್ನಲಿಲ್ಲ.

ಡಾಕ್ಟರು ಮತ್ತೆ ಅದೇ ಸ್ಟೂಲಿನಲ್ಲಿ ಕೂತರು. ಯಾಕೆ ನಿನ್ನೆ ಬರಲಿಲ್ಲ ಎಂದು ಗದರಲಿಲ್ಲ. ಒಸಡು ನೋಡಿದರು, ನಾಡಿ ಹಿಡಿದರು. ಮತ್ತೆ ಮೊದಲಿನಿಂದ ಅದೇ ಪ್ರಶ್ನೆಗಳನ್ನು ಕೇಳತೊಡಗಿದರು.

ನೀಲಾಂಬಿಕೆ ಮಧ್ಯದಲ್ಲಿ ಬಾಯಿ ಹಾಕಿದಳು. "ಮೇಡಂ, ನಾನು ಹೇಳ್ತೀನಿ."

"ನೀಲಾ!" ಎಂದ ಕಲ್ಲೇಶಪ್ಪ.

"ಆಣೆ ಮುರಿದ ಪಾಪ ನನಗಿರ್ಲಿ. ನೀವು ಸುಮ್ನೆ ಮಲಗಿ." ಅವಳು ಎಲ್ಲವನ್ನೂ ಹೇಳಿದಳು. ಮಂಗವನ್ನು ತೊಡೆಯ ಮೇಲೆ ಇಟ್ಟುಕೊಂಡು ತೊಳೆದದ್ದು, ಎದೆಗಾನಿಸಿ ಎತ್ತಿದ್ದು, ಮೊಣಕೈಯಲ್ಲಿ ಉಣುಗು ಹರಿದದ್ದು, ಆ ದಿನ ಬೇರೆ ಯಾರು ಯಾರು ಇದ್ದರು ಎನ್ನುವುದು. ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಹಾಳೆ ಮೇಜಿನ ಮೇಲೆ ಇಟ್ಟಳು.

ಡಾಕ್ಟರು ಹಾಳೆ ತಿರುಗಿಸಿ ನೋಡಿ, ಕಲ್ಲೇಶಪ್ಪನ ಹತ್ತಿರ ಬಗ್ಗಿ ದನಿ ತಗ್ಗಿಸಿ ಕೇಳಿದರು. "ಮಲ ಕಪ್ಪಗೆ ಹೋಗಿದ್ಯಾ?"

ಅವನು ಹೆಂಡತಿಯನ್ನು ನೋಡಿದ, ಶಫಿಯನ್ನು ನೋಡಿದ. "ಇಷ್ಟು ಜನರ ಮುಂದೆ ಅದೆಲ್ಲ ಎಂತ ಹೇಳೋದು ಮೇಡಂ?"

ಡಾಕ್ಟರು ಇಬ್ಬರನ್ನೂ ಹೊರಗೆ ಕಳಿಸಿ ಪರದೆ ಎಳೆದರು. ಆಗ ಹೌದು ಎಂದ. ಹಿಂದಿನ ದಿನದಿಂದ ಹಾಗೇ ಹೋಗುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ.

ಆಮೇಲೆ ಕೆಲಸ ಬೇಗ ಬೇಗ ನಡೆಯಿತು. ಅವನನ್ನು ಹಾಸಿಗೆಗೆ ಹಾಕಿದರು, ಡ್ರಿಪ್ ಹಚ್ಚಿದರು. ಮತ್ತೆ ರಕ್ತ ತೆಗೆದು ಮಂಗನ ಕಾಯಿಲೆಯ ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಿದರು. ಸಂಜೆಯೊಳಗೆ ರಕ್ತದ ಪ್ಲೇಟ್ಲೆಟ್ ಕಣ ಮೊದಲ ಸಲ ನೋಡಿದ್ದಕ್ಕಿಂತಲೂ ಇಳಿದದ್ದು ಗೊತ್ತಾಗಿ, ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಲು ಏರ್ಪಾಡಾಯಿತು.

ಗಾಡಿ ಬರುವವರೆಗೆ ಡಾಕ್ಟರು ನೀಲಾಂಬಿಕೆಯನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಮಾತಾಡಿದರು.

"ನೋಡಿ ಅಮ್ಮ, ಜ್ವರ ಅನ್ನೋದೇ ಒಂದು ಕಾಯಿಲೆ ಅಲ್ಲ. ಟೈಫಾಯ್ಡ್ ಆದ್ರೂ ಜ್ವರ, ಡೆಂಗೆ ಆದ್ರೂ ಜ್ವರ, ಇಲಿಜ್ವರ ಆದ್ರೂ ಜ್ವರ, ಇದಾದ್ರೂ ಜ್ವರ. ಎಲ್ಲದ್ರಲ್ಲೂ ಮೈ ಒಂದೇ ತರ ಸುಡ್ತದೆ. ನನ್ನ ಕೈಗೆ ಮುಟ್ಟಿದ್ರೆ ಯಾವ್ದು ಅಂತ ಗೊತ್ತಾಗಲ್ಲ. ಅರ್ಧ ದಾರಿ ತೋರಿಸೋದು ನೀವು ಹೇಳೋ ಮಾತು. ಎಲ್ಲಿದ್ರಿ, ಎಂತ ಮುಟ್ಟಿದ್ರಿ, ಎಂತ ನುಂಗಿದ್ರಿ ಅಂತ ಕೇಳೋದು ನಿಮ್ಮನ್ನ ಹಿಡಿದು ಹಾಕೋಕಲ್ಲ. ಮೊನ್ನೆಯೇ ಹೇಳಿದ್ರೆ ಮೊನ್ನೆಯೇ ಮಲಗಿಸ್ಕೋತಿದ್ದೆ."

"ಮಂಗ ಸತ್ತ ಮೇಲೆ ರೋಗ ಎಲ್ಲಿಂದ ಬಂತು ಮೇಡಂ? ತೊಳೆದು ವಿಭೂತಿ ಹಚ್ಚಿದ್ರಲ್ಲ?"

"ರೋಗ ಇರೋದು ಉಣುಗಿನಲ್ಲಿ. ಮಂಗದ ಮೈ ತಣ್ಣಗಾದ್ರೆ ಅದರ ಉಣುಗೆಲ್ಲ ಇಳಿದು ಬೇರೆ ಬಿಸಿ ಮೈ ಹುಡುಕ್ತವೆ. ಅದೇ ಹೊತ್ತಿಗೆ ಇವರು ತೊಡೆ ಮೇಲೆ ಮಲಗಿಸ್ಕೊಂಡಿದಾರೆ."

"ಮಾತ್ರೆ?"

"ಈ ಕಾಯಿಲೇಲಿ ರಕ್ತ ಕಟ್ಟೋ ಶಕ್ತಿ ಮೊದ್ಲೇ ಕುಗ್ಗಿರ್ತದೆ. ನೋವಿನ ಮಾತ್ರೆ ಅದನ್ನ ಇನ್ನೂ ಕುಗ್ಗಿಸ್ತದೆ, ಹೊಟ್ಟೆಯೊಳಗೂ ಗಾಯ ಮಾಡ್ತದೆ. ಅವತ್ತು ಸೊಂಟಕ್ಕೆ ಒಳ್ಳೇದಾದ ಮಾತ್ರೆಯೇ ಇವತ್ತು ಕೆಟ್ಟದ್ದು ಮಾಡ್ತು."

"ಉಳೀತಾರಾ?"

ಡಾಕ್ಟರು ತಟ್ಟನೆ ಹೌದು ಎನ್ನಲಿಲ್ಲ. "ಈ ರೋಗಕ್ಕೇ ಅಂತ ಬೇರೆ ಮದ್ದಿಲ್ಲ. ನೀರು ಕಡಿಮೆಯಾದ್ರೆ ನೀರು, ರಕ್ತ ಕಡಿಮೆಯಾದ್ರೆ ರಕ್ತ, ಗಂಟೆಗಂಟೆಗೂ ನೋಡ್ತಾ ಇರೋದು, ಅಷ್ಟೇ ಮದ್ದು. ತುಂಬಾ ಜನ ಉಳೀತಾರೆ. ಇವರು ತಡವಾಗಿ ಬಂದಿದಾರೆ, ಆದ್ರೂ ಬಂದಿದಾರೆ. ನೀವು ಹತ್ರ ಕೂರಬಹುದು, ಮನುಷ್ಯರಿಂದ ಮನುಷ್ಯರಿಗೆ ಇದು ಅಂಟಲ್ಲ."

ನೀಲಾಂಬಿಕೆಗೆ ಇನ್ನೂ ಒಂದು ಕೇಳುವುದಿತ್ತು. "ಗುಂಡಿ ಅಗೆಸ್ತೀರಾ?"

"ಹೂತು ಇಷ್ಟು ದಿನ ಆದದ್ದನ್ನ ಅಗೆದು ನಮಗೆ ಎಂತ ಆಗ್ಬೇಕು? ಸತ್ತ ಕೂಡ್ಲೇ ಫೋನ್ ಮಾಡಿದ್ರೆ ಪರೀಕ್ಷೆ ಮಾಡೋಕೆ ಆಗ್ತಿತ್ತು, ಊರಿಗೆಲ್ಲ ಮೊದ್ಲೇ ಎಚ್ಚರಿಕೆ ಕೊಡಬಹುದಿತ್ತು. ಈಗ ಸುತ್ತ ಉಣುಗು ಸಾಯೋ ಪುಡಿ ಹಾಕಿಸ್ತೀವಿ, ಅಷ್ಟೇ."

ಇಷ್ಟು ಸಣ್ಣ ಉತ್ತರಕ್ಕಾಗಿ ಇಷ್ಟು ದಿನ ಹೆದರಿದ್ದೆವಲ್ಲ ಎಂದುಕೊಂಡು ಅವಳು ಕೂತಳು. ಯಾರಾದರೂ ಮೊದಲೇ ಕೇಳಿದ್ದರೆ ಆಗುತ್ತಿತ್ತು. ಯಾರೂ ಕೇಳಿರಲಿಲ್ಲ.

ಡಾಕ್ಟರು ಫೋನ್ ಮಾಡಿ ಹೇಳಿದ್ದರಿಂದ ಆ ಸಂಜೆಯೇ ದಾಕ್ಷಾಯಿಣಿ ಊರಿಗೆ ಹೋಗಿ, ಮಣ್ಣು ಮಾಡಿದ ದಿನ ಇದ್ದವರ ಮನೆಗಳಿಗೆಲ್ಲ ಕಾಲಿಟ್ಟಳು. ಸೋಮನಾಥ ಟೈರಿಗೆ ಗಾಳಿ ಹಾಕುತ್ತಾ, "ನನಗೆಂತ ಆಗಿದೆ? ಗುಂಡುಕಲ್ಲು ಇದ್ದ ಹಾಗಿದೀನಿ" ಎಂದ.

"ಗುಂಡುಕಲ್ಲು ಬಿಸಿಯಾದ್ರೆ ಆವತ್ತೇ ಹೇಳಪ್ಪ. ನಾಳೆ ಅನ್ಬೇಡ. ಮಾತ್ರೆ ಹುಡುಕ್ಬೇಡ" ಎಂದಳು ದಾಕ್ಷಾಯಿಣಿ.

ಅವಳು ಹೇಳಿದ್ದು ಒಳ್ಳೆಯದಾಯಿತು. ಒಂದೆರಡು ದಿನದಲ್ಲೇ ಅವನ ಮೈಯೂ ಕಾಯಿತು. ಕಲ್ಲೇಶಪ್ಪನ ಕಥೆ ಕಣ್ಣ ಮುಂದೆ ಇತ್ತಲ್ಲ, ಅಂಗಡಿ ಮುಚ್ಚಿ ನೇರ ಆಸ್ಪತ್ರೆಗೆ ಹೋಗಿ, ಡಾಕ್ಟರು ಕೇಳುವ ಮುಂಚೆಯೇ ಎಲ್ಲವನ್ನೂ ಒದರಿದ. ರಕ್ತ ಕಾಣುವ ಮಟ್ಟಕ್ಕೆ ಹೋಗಲೇ ಇಲ್ಲ. ಗಂಜಿ ಕುಡಿದುಕೊಂಡು ಮಲಗಿದ್ದು ಎದ್ದು ಬಂದ. ಅದೇ ಮಂಗ, ಅದೇ ಗುಂಡಿ, ಅದೇ ರೋಗ. ಒಬ್ಬನು ಮೊದಲ ದಿನ ಹೇಳಿದ, ಇನ್ನೊಬ್ಬನ ಬಾಯಿಂದ ಕೊನೆಗೂ ಬರಲಿಲ್ಲ.

ಕಲ್ಲೇಶಪ್ಪನದು ಅಷ್ಟು ಸಲೀಸಾಗಲಿಲ್ಲ. ಶಿವಮೊಗ್ಗದ ಪರೀಕ್ಷೆಯಲ್ಲಿ ಮಂಗನ ಕಾಯಿಲೆಯೆಂದೇ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಅವನಿಗೆ ರಕ್ತ ಕೊಟ್ಟರು. ಒಂದು ದಿನ ಹೆಂಡತಿಯ ಗುರುತೂ ಸಿಗಲಿಲ್ಲ. ಆಮೇಲೆ ಜ್ವರ ಇಳಿಯಿತು, ಒಸಡಿನ ರಕ್ತ ನಿಂತಿತು. ಯುಗಾದಿಯ ಹೊತ್ತಿಗೆ ಮನೆಗೆ ಬಂದ. ಮತ್ತೆ ತಲೆನೋವು, ಜ್ವರ, ಕೈ ನಡುಕ ಬಂದರೆ ತಕ್ಷಣ ಬರಬೇಕೆಂದು ಹೇಳಿ ಕಳಿಸಿದ್ದರು. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ್ದ. ಗಿರಣಿಯ ಬಾಗಿಲು ತೆರೆದಾಗ ಸದ್ದಾಗಲಿಲ್ಲ. ತಿರುಗಣಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಬಾಗಿಲಿಗೆ ಒಂದು ಉಣುಗೂ ಹತ್ತಿಲ್ಲ ನೋಡಿ ಕಲ್ಲೇಶಣ್ಣ" ಎಂದಳು ಬೇಲಿಯಾಚೆಯಿಂದ ಬೀಬಿ ಜಾನ್.

ಅವನಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು.

ಸಂಜೆ ನೀಲಾಂಬಿಕೆ ಅವನನ್ನು ರಸ್ತೆಯ ಅಂಚಿಗೆ ಕರೆದುಕೊಂಡು ಹೋಗಿ ದೂರದಿಂದಲೇ ಹೊನ್ನೆ ಮರ ತೋರಿಸಿದಳು. ಗುಂಡಿ ಇದ್ದ ಹಾಗೇ ಇತ್ತು. ಮೇಲಿಟ್ಟ ಕಲ್ಲು ಕದಲಿರಲಿಲ್ಲ. ಸುತ್ತ ಅಗಲಕ್ಕೆ ಬಿಳಿ ಪುಡಿ ಎರಚಿದ್ದರು.

"ಎಬ್ಬಿಸಿಲ್ಲ" ಎಂದ ಕಲ್ಲೇಶಪ್ಪ.

"ಇಲ್ಲ. ಅವರೂ ವಿಭೂತಿ ಹಾಕಿ ಹೋಗಿದಾರೆ ಅಂತ ತಿಳ್ಕೊಳ್ಳಿ."

ಅವನು ಅಲ್ಲಿಂದಲೇ ಕೈಮುಗಿದ. ಒಂದು ಹೆಜ್ಜೆ ಮುಂದೆ ಇಡಲಿಲ್ಲ. ಮನೆಗೆ ತಿರುಗುವಾಗ ಅವಳ ಕೈಯನ್ನು ಮತ್ತೆ ತನ್ನ ತಲೆಯ ಮೇಲೆ ಇಟ್ಟುಕೊಂಡ. ತಲೆ ತಣ್ಣಗಿತ್ತು.

"ಈಗ ಎಂತ ಆಣೆ?" ಎಂದಳು ಅವಳು.

"ಇನ್ನು ಮೇಲೆ ಡಾಕ್ಟ್ರ ಹತ್ರ ನಾನು ಬಾಯಿ ಮುಚ್ಕೊಂಡು ಕೂತ್ರೆ ನೀನು ಹೇಳ್ಬೇಕು. ನನ್ನ ಕೇಳ್ಬೇಡ."

ಅವಳು ಹೂಂ ಎಂದಳು. ಈ ಸಲ ಹೆದರಿ ಅಂದದ್ದಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಅಣ್ಣಂದಿರೇ, ಅಕ್ಕಂದಿರೇ, ಕಾಡಿನ ಅಂಚಿನಲ್ಲಿ ಬದುಕುವ ನಮಗೆ ಕಾಡು ಬಿಟ್ಟರೆ ಆಗುವುದಿಲ್ಲ. ಹೋಗುವ ಮುಂಚೆ ಆಶಾ ಕೊಟ್ಟ ಎಣ್ಣೆ ಬಾಗಿಲಿಗಲ್ಲ, ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ದೂರದಿಂದ ಕೈಮುಗಿದು ಫೋನ್ ಮಾಡಿ; ಭಕ್ತಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಜ್ವರ ಬಂದ ದಿನವೇ ಆಸ್ಪತ್ರೆಗೆ ಹೋಗಿ, ನಿಮ್ಮಷ್ಟಕ್ಕೆ ನೋವಿನ ಮಾತ್ರೆ ನುಂಗಬೇಡಿ. ಇನ್ನು ಯಾವ ಕಾಯಿಲೆಯೇ ಇರಲಿ, ಡಾಕ್ಟರ ಎದುರು ಕೂತಾಗ ಎಲ್ಲಿಗೆ ಹೋಗಿದ್ದಿರಿ, ಏನು ಮುಟ್ಟಿದಿರಿ, ಏನು ನುಂಗಿದಿರಿ, ಹೇಳಲು ನಾಚಿಕೆಯಾಗುವಂಥದ್ದು ಏನೇ ಇರಲಿ, ಅದನ್ನೆಲ್ಲ ಹೇಳಿಬಿಡಿ. ನಾಲ್ಕು ಜನರ ಮುಂದೆ ಆಗದಿದ್ದರೆ ಪರದೆ ಎಳೆಯಿರಿ ಎಂದು ಕೇಳಿ. ರೋಗಿಗೆ ಬಾಯಿ ಬರದಿದ್ದರೆ ಜೊತೆಗೆ ಹೋದವರು ಹೇಳಿ. ಇವತ್ತು ನಿಮ್ಮ ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದ್ದರೆ, ಈ ಕಾಗದ ಮಡಚಿಟ್ಟು ಹೋಗಿ ಮೊದಲು ಅವರ ತಲೆ ಮುಟ್ಟಿ ನೋಡಿ.